ಕಂದುರೋಗದ ಜ್ವರ ಬಿಟ್ಟು ಮತ್ತೆ ಬಂತು, ಬ್ಯಾಕ್ಟೀರಿಯಾ ಅಷ್ಟು ದಿನ ಎಲ್ಲಿತ್ತು?

ಈ ವಾರದ ಪ್ರಶ್ನೆ ಚನ್ನರಾಯಪಟ್ಟಣದ ಕಡೆಯ ಒಬ್ಬ ಹೆಣ್ಣುಮಗಳದ್ದು. ಉದ್ದ ಇತ್ತು, ಸ್ವಲ್ಪ ಚಿಕ್ಕದು ಮಾಡಿ ಹಾಕಿದೀನಿ:

"ಮೇಡಂ, ನಮ್ಮನೇಲಿ ಆರು ಎಚ್‌ಎಫ್ ಹಸು ಇದಾವೆ, ಡೇರಿಗೆ ಹಾಲು ಹಾಕ್ತೀವಿ. ನಾಲ್ಕು ತಿಂಗಳ ಹಿಂದೆ ಒಂದು ಹಸು ಏಳು ತಿಂಗಳಿಗೇ ಕಂದು ಹಾಕ್ತು. ಮಾಸು ಬೀಳಲಿಲ್ಲ ಅಂತ ನಮ್ಮ ಯಜಮಾನ್ರೇ ಬರಿಗೈಯಲ್ಲಿ ತೆಗೆದ್ರು. ಮೂರು ವಾರ ಆದ್ಮೇಲೆ ಅವರಿಗೆ ಸಂಜೆ ಸಂಜೆ ಜ್ವರ, ಸೊಂಟ ನೋವು, ರಾತ್ರಿ ಮೂರು ಸಲ ಬನಿಯನ್ ಬದಲಾಯಿಸೋ ಅಷ್ಟು ಬೆವರು. ಟೈಫಾಯ್ಡ್ ಅಂತ ಒಂದು ವಾರ ಇಂಜೆಕ್ಷನ್ ಕೊಟ್ರು, ಜ್ವರ ಬಿಡ್ತು, ಹತ್ತು ದಿನಕ್ಕೆ ಮತ್ತೆ ಬಂತು. ದೊಡ್ಡಾಸ್ಪತ್ರೇಲಿ ಬ್ರುಸೆಲ್ಲಾ ಟೆಸ್ಟ್ 1:640 ಅಂತ ಬಂದು ಎರಡು ಥರ ಮಾತ್ರೆ ಆರು ವಾರಕ್ಕೆ ಬರೆದ್ರು. ನಾಲ್ಕೇ ದಿನಕ್ಕೆ ಜ್ವರ ಹೋಯ್ತು. ಮೂತ್ರ ಕೆಂಪಗೆ ಹೋಗುತ್ತೆ, ಇಷ್ಟೊಂದು ಆಂಟಿಬಯೋಟಿಕ್ ಉಷ್ಣ ಅಂತ ಎಲ್ಲಾರೂ ಹೇಳಿ 24ನೇ ದಿನಕ್ಕೆ ನಿಲ್ಲಿಸಿಬಿಟ್ರು. ಈಗ ಮೂರು ವಾರ ಆದ್ಮೇಲೆ ಮತ್ತೆ ಜ್ವರ. ಡಾಕ್ಟ್ರು 'ಬ್ಯಾಕ್ಟೀರಿಯಾ ಜೀವಕೋಶದ ಒಳಗೇ ಕೂತಿದೆ' ಅಂದ್ರು. ಬಿಳಿ ರಕ್ತಕಣ ರೋಗಾಣು ತಿನ್ನುತ್ತೆ ಅಂತ ನಾನು ಪಿಯುಸಿಲಿ ಓದಿದೀನಿ, ತಿನ್ನೋದರ ಹೊಟ್ಟೆ ಒಳಗೇ ಅದು ಬದುಕೋದು ಹೇಗೆ? ಔಷಧಿ ಇವರಿಗೆ ನಾಟಲಿಲ್ವಾ? ಇದು ಜೀವನಪೂರ್ತಿ ಇರತ್ತಾ? ನಮ್ಮ ವಾರಗಿತ್ತಿ ಐದು ತಿಂಗಳ ಬಸುರಿ, ಹಾಲು ಕರೆಯೋದು ಅವಳೇ, ಅವಳಿಗೆ ಏನಾದ್ರೂ ಆಗತ್ತಾ?"

ಮೊದಲು ಇದನ್ನ ಹೇಳಿಬಿಡ್ತೀನಿ, ನಿಮ್ಮ ಯಜಮಾನ್ರಿಗೆ ಬಂದಿರೋದು ವಾಸಿ ಆಗೋ ಕಾಯಿಲೆ. ಬೇರೆ ಏನೋ ದೊಡ್ಡದು ಇರಬಹುದಾ ಅನ್ನೋ ಭಯ ನಿಮ್ಮ ಪತ್ರದುದ್ದಕ್ಕೂ ಕಾಣತ್ತೆ, ಆದ್ರೆ ನೀವು ಬರೆದಿರೋ ಕಥೆ ಮೊದಲ ಸಾಲಿಂದ ಕೊನೇ ಸಾಲಿನ ತನಕ ಬ್ರುಸೆಲ್ಲೋಸಿಸ್ಸೇ, ಅಂದ್ರೆ ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಕಂದುರೋಗ: ಹಸು ಕಂದು ಹಾಕಿದ್ದು, ಬರಿಗೈ, ಮೂರು ವಾರ, ಸಂಜೆ ಜ್ವರ, ಬೆವರು, ಸೊಂಟ. ಇಪ್ಪತ್ತು ವರ್ಷದಿಂದ ಸೋಂಕು ರೋಗಗಳನ್ನೇ ನೋಡ್ತಿದೀನಿ, ಈ ಕಾಯಿಲೆಯೋರು ಮಲಗಿದ ವಾರ್ಡಲ್ಲಿ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಹಾಸಿಗೆ ಹತ್ರ ಒದ್ದೆ ಹುಲ್ಲಿನ ಥರ ಒಂದು ವಾಸನೆ ಬರತ್ತೆ, ಬೆವರಿಂದು. ಹಳೇ ವೈದ್ಯ ಪುಸ್ತಕಗಳಲ್ಲೂ ಅದನ್ನ ಹಾಗೇ ಬರೆದಿದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ತುಂಬಾ ಒಳ್ಳೇ ಪ್ರಶ್ನೆ, ಅದು ಅರ್ಥ ಆದ್ರೆ ಆರು ವಾರ ಯಾಕೆ, ಎರಡು ಮಾತ್ರೆ ಯಾಕೆ ಎಲ್ಲಾ ತಾನಾಗೇ ಅರ್ಥ ಆಗತ್ತೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ನೀವು ಪಿಯುಸಿಲಿ ಓದಿದ್ದು ಸರಿನೇ. ಮ್ಯಾಕ್ರೋಫೇಜ್ ಅಂತ ಒಂದು ಕಣ ಇದೆ, ಗುಲ್ಮ, ಲಿವರ್, ಮೂಳೆಮಜ್ಜೆ ಎಲ್ಲಾ ಕಡೆ ಇರತ್ತೆ, ರೋಗಾಣು ಸಿಕ್ರೆ ಸುತ್ತುವರಿದು ನುಂಗತ್ತೆ. ನುಂಗಿದ್ದು ಸೀದಾ ಕಣದ ಒಳಗೆ ಚೆಲ್ಲಲ್ಲ, ಒಂದು ಪೊರೆಯ ಚೀಲದಲ್ಲಿ ಇರತ್ತೆ. ಆ ಚೀಲ ಒಳಗೆ ಹೋಗ್ತಾ ಹೋಗ್ತಾ ಹುಳಿ ಆಗತ್ತೆ, ಆಮೇಲೆ ಲೈಸೋಸೋಮ್ ಅನ್ನೋ ಇನ್ನೊಂದು ಚೀಲ ಬಂದು ಕೂಡ್ಕೊಳ್ಳತ್ತೆ, ಅದರ ತುಂಬಾ ಜೀರ್ಣ ಮಾಡೋ ಕಿಣ್ವಗಳು. ಮಾಮೂಲಿ ಬ್ಯಾಕ್ಟೀರಿಯಾ ಕಥೆ ಅಲ್ಲಿಗೆ ಮುಗೀತು. ಬ್ರುಸೆಲ್ಲಾ ಒಳಗೆ ಹೋದಾಗಲೂ ಬಹುಪಾಲು ಹೀಗೇ ಸಾಯ್ತವೆ, ಮೊದಲ ಕೆಲವು ಗಂಟೆಗಳಲ್ಲೇ. ಅಂದ್ರೆ ನಿಮ್ಮ ಯಜಮಾನ್ರ ಕಣಗಳು ವೀಕ್ ಅಂತಲ್ಲ, ಅವು ತಮ್ಮ ಕೆಲಸ ಮಾಡಿವೆ. ತೊಂದರೆ ಇರೋದು ಉಳಿದುಕೊಂಡ ನಾಲ್ಕಾರರಲ್ಲಿ.

ಉಳಿದವು ಏನು ಮಾಡ್ತವೆ ಅನ್ನೋದು ಎಷ್ಟು ಸಲ ಓದಿದ್ರೂ ನನಗೆ ಆಶ್ಚರ್ಯನೇ. ಚೀಲ ಹುಳಿ ಆಗ್ತಾ ಪಿಎಚ್ ನಾಲ್ಕು, ನಾಲ್ಕೂವರೆಗೆ ಇಳಿಯತ್ತೆ, ಹತ್ತಿರ ಹತ್ತಿರ ಟೊಮೇಟೋ ರಸದಷ್ಟು ಹುಳಿ. ಅದನ್ನ ಕೊಲ್ಲೋಕೆ ಅಂತ ನಮ್ಮ ಕಣ ಸುರಿಯೋ ಈ ಹುಳಿಯೇ ಬ್ರುಸೆಲ್ಲಾಗೆ 'ಈಗ ಒಳಗೆ ಬಂದಾಯ್ತು, ಶುರು ಮಾಡು' ಅನ್ನೋ ಸಿಗ್ನಲ್ಲು! ಹುಳಿ ತಾಗಿದ ಕೂಡಲೇ ಅದು ವಿರ್‌ಬಿ ಅನ್ನೋ ಒಂದು ಯಂತ್ರ ಕಟ್ಟತ್ತೆ, ಇಂಜೆಕ್ಷನ್ ಸಿರಿಂಜ್ ಅಂತಲೇ ತಿಳ್ಕೊಳ್ಳಿ, ಅದರಿಂದ ತನ್ನ ಪ್ರೋಟೀನುಗಳನ್ನ ಚೀಲದ ಗೋಡೆ ದಾಟಿಸಿ ನಮ್ಮ ಜೀವಕೋಶದ ಒಳಗೆ ಚುಚ್ಚತ್ತೆ. ಲ್ಯಾಬಲ್ಲಿ ಆ ಹುಳಿ ಬರದ ಹಾಗೆ ತಡೆದು ನೋಡಿದಾರೆ, ಆಗ ಬ್ರುಸೆಲ್ಲಾ ಬೆಳೆಯೋಕೇ ಆಗಲ್ಲ. ವಿರ್‌ಬಿ ಇಲ್ಲದ ಬ್ರುಸೆಲ್ಲಾ ಮಾಡಿ ನೋಡಿದ್ರೆ ಅದೂ ಒಳಗೇ ಸಾಯತ್ತೆ.

ಆ ಪ್ರೋಟೀನುಗಳು ಚೀಲದ ದಾರೀನೇ ತಿರುಗಿಸಿಬಿಡ್ತವೆ. ಅದು ಹೋಗಿ ಸೇರ್ಕೊಳ್ಳೋದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಹತ್ರ, ಪಿಯುಸಿ ಬಯಾಲಜಿ ಚಿತ್ರದಲ್ಲಿ ನ್ಯೂಕ್ಲಿಯಸ್ ಸುತ್ತ ಮಡಿಕೆ ಮಡಿಕೆಯಾಗಿ ಬರೀತಿದ್ವಲ್ಲ, ಅದೇ. ಜೀವಕೋಶದ ಅಡುಗೆಮನೆ ಅದು, ಪ್ರೋಟೀನು, ಕೊಬ್ಬು ಎಲ್ಲಾ ತಯಾರಾಗೋದು ಅಲ್ಲಿ. ಬ್ರುಸೆಲ್ಲಾ ಆ ಅಡುಗೆಮನೆಯ ಪೊರೇನೇ ತೊಗೊಂಡು ತನ್ನ ಚೀಲಕ್ಕೆ ಹೊದಿಕೆ ಮಾಡ್ಕೊಳ್ಳತ್ತೆ. ಈಗ ಹೊರಗಿಂದ ನೋಡಿದ್ರೆ ಅದು ಕಣದ ಸ್ವಂತ ಭಾಗದ ಥರನೇ ಇದೆ, ಲೈಸೋಸೋಮ್ ಅದರ ಹತ್ರ ಹೋಗಲ್ಲ. ಒಳಗೆ ಹೋದ ಹನ್ನೆರಡು ಗಂಟೆ ಸುಮಾರಿಗೆ ಮರಿ ಹಾಕೋಕೆ ಶುರು, ಎರಡು ದಿನದಲ್ಲಿ ಕಣದ ತುಂಬಾ ಅದೇ. ಬೆಕ್ಕು ನುಂಗಿದ ಇಲಿ ಬೆಕ್ಕಿನ ಹೊಟ್ಟೇಲೇ ಸಂಸಾರ ಹೂಡಿದ ಹಾಗೆ. ಅಷ್ಟಾದ್ರೂ ಕಣ ಸಾಯಲ್ಲ ನೋಡಿ, ಸೋಂಕಾದ ಜೀವಕೋಶ ತಾನೇ ಸತ್ತು ರೋಗಾಣೂನೂ ಸಾಯಿಸೋ ಒಂದು ಏರ್ಪಾಡು ನಮ್ಮ ದೇಹದಲ್ಲಿದೆ, ಬ್ರುಸೆಲ್ಲಾ ಅದನ್ನೂ ತಡೆ ಹಿಡಿಯತ್ತೆ, ಮನೆ ಬಿದ್ದುಹೋದ್ರೆ ತನಗೂ ಜಾಗ ಇಲ್ವಲ್ಲ. ಮೂರನೇ ದಿನದ ಹೊತ್ತಿಗೆ ಒಂದಿಷ್ಟು ಹೊರಗೆ ಬಂದು ಪಕ್ಕದ ಕಣಕ್ಕೆ ಹೋಗ್ತವೆ.

ಇನ್ನೊಂದು ವಿಷ್ಯ ಇದೆ, ಅದು ಸದ್ದೇ ಮಾಡಲ್ಲ. ಬೇರೆ ಬ್ಯಾಕ್ಟೀರಿಯಾಗಳ ಮೈಮೇಲಿನ ಒಂದು ಥರದ ಕೊಬ್ಬಿನ ಅಂಶ ಕಂಡ ಕೂಡಲೇ ನಮ್ಮ ರೋಗನಿರೋಧಕ ವ್ಯವಸ್ಥೆ ಬೊಬ್ಬೆ ಹೊಡೆಯತ್ತೆ, ಚಳಿಜ್ವರ, ಬಿಪಿ ಇಳಿಯೋದು ಎಲ್ಲಾ ಅದರಿಂದಲೇ. ಬ್ರುಸೆಲ್ಲಾ ಮೈಮೇಲೂ ಅದು ಇದೆ ಆದ್ರೆ ಆಕಾರ ಬೇರೆ, ನಮ್ಮ ಕಣಗಳಿಗೆ ಅಷ್ಟಾಗಿ ಗುರುತು ಸಿಗಲ್ಲ, ಸಾಲದ್ದಕ್ಕೆ ಒಳಗೆ ಹೋದ ಮೇಲೆ ಅಲಾರಂ ತಂತಿಯನ್ನೇ ಕತ್ತರಿಸೋ ಪ್ರೋಟೀನುಗಳೂ ಅದರ ಹತ್ರ ಇದಾವೆ. ಅದಕ್ಕೇ ಈ ಜ್ವರ ಧಗಧಗ ಅಂತ ಬರಲ್ಲ. ಸಂಜೆ ಏರತ್ತೆ, ಬೆಳಿಗ್ಗೆ ಇಳಿಯತ್ತೆ, ಕೆಲವು ದಿನ ಇರೋದೇ ಇಲ್ಲ, ಅಲೆ ಥರ. ಟೈಫಾಯ್ಡ್ ಇಂಜೆಕ್ಷನ್ ತೊಗೊಂಡಾಗ ಜ್ವರ ಬಿಟ್ಟಿದ್ದು ಇಂಜೆಕ್ಷನ್ನಿಂದಲೇ ಅಂತ ಹೇಳೋಕಾಗಲ್ಲ, ಅಲೆ ಇಳಿಯೋ ಸಮಯ ಆಗಿರಬಹುದು. ಆ ಜಾತಿ ಇಂಜೆಕ್ಷನ್ನುಗಳು ರಕ್ತದಲ್ಲಿ ಚೆನ್ನಾಗಿ ಓಡಾಡ್ತವೆ ಆದ್ರೆ ಜೀವಕೋಶದ ಒಳಗೆ ಸರಿಯಾಗಿ ಹೋಗಲ್ಲ. ಮೊದಲ ಡಾಕ್ಟರ್ ಮೇಲೆ ಕೋಪ ಬೇಡ, ಟೈಫಾಯ್ಡಿಗೆ ಮಾಡೋ ವಿಡಾಲ್ ಟೆಸ್ಟ್ ನಂಬಿಕೊಂಡು ಈ ಎಡವಟ್ಟು ತುಂಬಾ ಕಡೆ ಆಗತ್ತೆ. ನಾವು ಡಾಕ್ಟರುಗಳು ಜ್ವರ ಅಂತ ಬಂದೋರನ್ನೆಲ್ಲ 'ಮನೇಲಿ ದನ ಇದ್ಯಾ, ಯಾವುದಾದ್ರೂ ಕಂದು ಹಾಕಿತ್ತಾ' ಅಂತ ಒಂದು ಮಾತು ಕೇಳಲೇಬೇಕು, ಕೇಳಲ್ಲ, ಅದು ನಮ್ಮ ತಪ್ಪು.

ಜೀವಕೋಶದ ಒಳಗೆ ಬದುಕೋದು ಬ್ರುಸೆಲ್ಲಾ ಒಂದೇ ಅಲ್ಲ. ಟಿಬಿ ಬ್ಯಾಕ್ಟೀರಿಯಾ ಇದೇ ಮ್ಯಾಕ್ರೋಫೇಜಲ್ಲೇ ಇರತ್ತೆ, ಆದ್ರೆ ಅದರ ದಾರಿ ಬೇರೆ, ಅದು ಲೈಸೋಸೋಮನ್ನ ಹತ್ತಿರ ಸೇರಿಸದೆ ಚೀಲವನ್ನ ಅರ್ಧ ದಾರೀಲೇ ನಿಲ್ಲಿಸ್ಕೊಳ್ಳತ್ತೆ. ಸ್ಕ್ರಬ್ ಟೈಫಸ್ ಅನ್ನೋ ಜ್ವರದ ಬ್ಯಾಕ್ಟೀರಿಯಾ ಚೀಲ ಹರ್ಕೊಂಡು ಹೊರಗೆ ಬಂದು ಜೀವಕೋಶದ ರಸದಲ್ಲೇ ಬೆಳೆಯತ್ತೆ. ಇನ್ನು ಕ್ಯೂ ಫೀವರ್ ಅಂತ ಇದೆ, ಅದೂ ದನ ಕುರಿಗಳ ಮಾಸಿಂದ ಬರೋದೇ, ಅದರ ಬ್ಯಾಕ್ಟೀರಿಯಾ ಓಡಿಹೋಗೋದೂ ಇಲ್ಲ, ಲೈಸೋಸೋಮಿನ ಆ ಹುಳಿಯಲ್ಲೇ ಆರಾಮಾಗಿ ಇರತ್ತೆ.

ಈ ರೋಗಾಣು ಮೊದಲು ಸಿಕ್ಕಿದ್ದು 1887ರಲ್ಲಿ, ಮಾಲ್ಟಾ ದ್ವೀಪದಲ್ಲಿ, ಡೇವಿಡ್ ಬ್ರೂಸ್ ಅನ್ನೋ ಸೇನಾ ವೈದ್ಯರಿಗೆ, ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ. ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋಕೆ ಇನ್ನೂ ಹದಿನೆಂಟು ವರ್ಷ ಬೇಕಾಯ್ತು, 1905ರಲ್ಲಿ ಅಲ್ಲಿನವರೇ ಆದ ಥೆಮಿಸ್ಟೋಕ್ಲಿಸ್ ಝಾಮಿಟ್ ನೋಡಿದ್ರೆ ಆಡುಗಳಲ್ಲಿ, ಅದೂ ನೋಡೋಕೆ ಗಟ್ಟಿಮುಟ್ಟಾಗಿದ್ದ ಆಡುಗಳಲ್ಲಿ! ಸೈನಿಕರಿಗೆ ಹಸಿ ಆಡಿನ ಹಾಲು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ಹೆಚ್ಚುಕಮ್ಮಿ ನಿಂತೇ ಹೋಯ್ತು. ದನ ಕಂದು ಹಾಕಿಸೋ ರೋಗಾಣು, ಮಾಲ್ಟಾ ಜ್ವರದ ರೋಗಾಣು ಎರಡೂ ಒಂದೇ ಕುಟುಂಬದವು ಅಂತ 1918ರಲ್ಲಿ ಅಮೆರಿಕದ ವಿಜ್ಞಾನಿ ಆಲಿಸ್ ಇವಾನ್ಸ್ ತೋರಿಸಿಕೊಟ್ರು, ಹಸಿ ಹಾಲು ಅಪಾಯ ಅಂದ್ರು, ತುಂಬಾ ವರ್ಷ ಯಾರೂ ನಂಬಲಿಲ್ಲ. 1922ರಲ್ಲಿ ಅವರಿಗೇ ಲ್ಯಾಬಲ್ಲಿ ಸೋಂಕು ತಗುಲಿ ವರ್ಷಗಟ್ಟಲೆ ಜ್ವರ ಬಂದು ಹೋಗಿ ಮಾಡ್ತಿತ್ತು. ಈ ಕಾಯಿಲೆ ಜೀವನಪೂರ್ತಿ ಇರತ್ತೆ ಅನ್ನೋ ಮಾತು ಆ ಕಾಲದ್ದು. ಆಗ ಔಷಧಿಯೇ ಇರಲಿಲ್ಲ, ಈಗ ಇದೆ.

ನಾಟಲಿಲ್ವಾ ಅಂತ ಕೇಳಿದ್ರಿ. ನಾಟಿದೆ, ನಾಲ್ಕು ದಿನಕ್ಕೆ ಜ್ವರ ಬಿಟ್ಟಿದ್ದೇ ಸಾಕ್ಷಿ. ರಕ್ತದಲ್ಲಿ ಓಡಾಡ್ತಿದ್ದವು ಬೇಗ ಸತ್ತಿವೆ. ಒಳಗೆ ಕೂತವು ನಿಧಾನಕ್ಕೆ ಬೆಳೀತವೆ, ಪ್ರತಿ ಗೋಡೆ ದಾಟಿ ಔಷಧಿ ಅಲ್ಲಿ ತಲುಪಬೇಕು, ದಿನಾ ತಲುಪ್ತಾನೇ ಇರಬೇಕು. ನಿಮ್ಮ ಯಜಮಾನ್ರಿಗೆ ಬರೆದ ಆ ಎರಡು ಮಾತ್ರೆ, ಡಾಕ್ಸಿಸೈಕ್ಲಿನ್ನೂ ರಿಫಾಂಪಿಸಿನ್ನೂ, ಆರಿಸಿರೋದು ಅವು ಜೀವಕೋಶದ ಒಳಗೆ ಚೆನ್ನಾಗಿ ಹೋಗ್ತವೆ ಅಂತಲೇ. ಒಂದೇ ಔಷಧಿ ಕೊಟ್ರೆ ಅಥವಾ ಬೇಗ ನಿಲ್ಲಿಸಿದ್ರೆ ಮರುಕಳಿಸೋದು ಜಾಸ್ತಿ ಅಂತ ದಶಕಗಳ ಅನುಭವ ಹೇಳತ್ತೆ, ಪೂರ್ತಿ ಕೋರ್ಸ್ ಮುಗಿಸಿದೋರಲ್ಲೂ ನೂರಕ್ಕೆ 5ರಿಂದ 15 ಜನಕ್ಕೆ ಮರುಕಳಿಸತ್ತೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಹಾಗೆ ಮರಳಿ ಬಂದಾಗಲೂ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದ ಹಾಗೆ ಬದಲಾಗಿರಲ್ಲ, ಅದೇ ಮಾತ್ರೆಗಳು ಮತ್ತೆ ಕೆಲಸ ಮಾಡ್ತವೆ. ಮೂತ್ರ ಕೆಂಪಾಗಿದ್ದು ರಿಫಾಂಪಿಸಿನ್ ಬಣ್ಣ ಅಷ್ಟೆ, ಕಣ್ಣೀರು, ಬೆವರೂ ಆ ಬಣ್ಣಕ್ಕೆ ತಿರುಗತ್ತೆ, ರಕ್ತ ಅಲ್ಲ, ಉಷ್ಣನೂ ಅಲ್ಲ. ಮಾತ್ರೆ ಬರೆಯೋವಾಗಲೇ ಇದನ್ನ ಯಾರಾದ್ರೂ ನಿಮಗೆ ಹೇಳಿದ್ರೆ ಅವರು ನಿಲ್ಲಿಸ್ತಾ ಇರಲಿಲ್ಲ ಅನ್ಸತ್ತೆ, ಓದಿ ಬೇಜಾರಾಯ್ತು.

ಮುಂದೇನು? ಉಳಿದ 18 ದಿನದ ಮಾತ್ರೆ ಈಗ ನುಂಗಿ ಲೆಕ್ಕ ಸರಿ ಮಾಡೋ ಹಾಗಿಲ್ಲ, ಹೊಸದಾಗಿ ಒಂದನೇ ದಿನದಿಂದ ಶುರು. ಆದ್ರೆ ಶುರು ಮಾಡೋ ಮುಂಚೆ ಡಾಕ್ಟ್ರ ಹತ್ರ ಎರಡು ಕೆಲಸ ಮಾಡಿಸಲೇಬೇಕು. ಸೊಂಟ ನೋವು ಇದ್ಯಲ್ಲ, ಬೆನ್ನುಮೂಳೆಯ ಎಂಆರ್‌ಐ. ಬ್ರುಸೆಲ್ಲಾ ಬೆನ್ನುಮೂಳೆಯಲ್ಲಿ, ಸೊಂಟದ ಕೀಲಲ್ಲಿ ಕೂತ್ಕೊಳ್ಳೋದು ತುಂಬಾ ಸಾಮಾನ್ಯ, ಮೂಳೆಗೆ ಹೋಗಿದ್ರೆ ಆರು ವಾರ ಸಾಲಲ್ಲ, ಕಡಿಮೆ ಅಂದ್ರೂ ಮೂರು ತಿಂಗಳು ಬೇಕು. ಆಮೇಲೆ ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಸಂಜೆ ಜ್ವರ, ಬೆವರು, ಬೆನ್ನು ನೋವು ಟಿಬಿಲೂ ಹೀಗೇ ಬರತ್ತೆ, ರಿಫಾಂಪಿಸಿನ್ ಟಿಬಿಯ ಮುಖ್ಯ ಔಷಧಿ, ಒಳಗೆ ಟಿಬಿ ಇರೋರಿಗೆ ಟಿಬಿಯ ಉಳಿದ ಔಷಧಿ ಬಿಟ್ಟು ಇದನ್ನ ಕೊಟ್ರೆ ಟಿಬಿ ಅದಕ್ಕೆ ಜಗ್ಗದ ಹಾಗೆ ಆಗಿಬಿಡಬಹುದು. ನಮ್ಮ ದೇಶದಲ್ಲಿ ಈ ಎಚ್ಚರ ತಪ್ಪೋ ಹಾಗೇ ಇಲ್ಲ. ಜೊತೆಗೆ ಮಾತ್ರೆ ಶುರುವಾಗೋ ಮುಂಚೆ ರಕ್ತದ ಕಲ್ಚರ್‌ಗೆ, ಅಂದ್ರೆ ರಕ್ತದಲ್ಲಿರೋ ರೋಗಾಣು ಬೆಳೆಸಿ ನೋಡೋ ಪರೀಕ್ಷೆಗೆ ಕೊಡಿ, ಬ್ರುಸೆಲ್ಲಾ ಅನುಮಾನ ಅಂತ ಚೀಟೀಲಿ ಬರೆಸಿ, ಲ್ಯಾಬಿನೋರಿಗೆ ಅದು ಸುಲಭವಾಗಿ ಅಂಟೋ ರೋಗಾಣು. ನಮ್ಮ ಲ್ಯಾಬಲ್ಲಿ ಒಂದು ಸಲ ನಾಲ್ಕನೇ ದಿನ ಬಾಟಲ್ ಪಾಸಿಟಿವ್ ಅಂತ ಮಿನುಗ್ತು, ಸ್ಲೈಡ್ ಮಾಡಿ ನೋಡಿದ್ರೆ ಏನೂ ಇಲ್ಲ ಅನ್ನೋ ಹಾಗಿತ್ತು, ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ತೆಳು ಗುಲಾಬಿ ಬಣ್ಣದಲ್ಲಿ ನುಣ್ಣನೆ ಮರಳು ಚೆಲ್ಲಿದ ಹಾಗೆ ಚುಕ್ಕಿಗಳು, ಒಂದೊಂದೂ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು. ಟೆಕ್ನಿಷಿಯನ್ ಹುಡುಗಿ ಬಣ್ಣದ ಪುಡಿ ಅಂತ ಒರೆಸೋಕೆ ಹೋಗಿದ್ಲು.

ಔಷಧಿಯಲ್ಲಿ ಎರಡು ದಾರಿ ಇದೆ. ಒಂದು ಹಿಂದೆ ಕೊಟ್ಟಿದ್ದೇ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ರಿಫಾಂಪಿಸಿನ್ ತೂಕ ನೋಡಿ 600ರಿಂದ 900 ಮಿಲಿಗ್ರಾಂ ದಿನಕ್ಕೊಂದು ಸಲ, ಆರು ವಾರ. ಎಲ್ಲಾ ಮಾತ್ರೆಯೇ, ಮನೇಲೇ ತೊಗೋಬಹುದು, ಆದ್ರೆ ಲಿವರ್ ಟೆಸ್ಟ್ ಮಧ್ಯೆ ಮಧ್ಯೆ ಮಾಡಿಸ್ಬೇಕು, ಶುಗರ್, ಫಿಟ್ಸ್, ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತೊಗೋತಿದ್ರೆ ರಿಫಾಂಪಿಸಿನ್ ಅವುಗಳ ಶಕ್ತಿ ಇಳಿಸಿಬಿಡತ್ತೆ, ಮೊದಲೇ ಹೇಳಿ. ಇನ್ನೊಂದು ದಾರಿ ಡಾಕ್ಸಿಸೈಕ್ಲಿನ್ ಆರು ವಾರ ಅದೇ ಥರ, ಜೊತೆಗೆ ರಿಫಾಂಪಿಸಿನ್ ಬದಲು ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಎರಡು ಮೂರು ವಾರ ದಿನಾ, ಅಥವಾ ಜೆಂಟಾಮೈಸಿನ್ ಒಂದು ವಾರ ಹತ್ತು ದಿನ. ಇದರಲ್ಲಿ ಮರುಕಳಿಸೋದು ಸ್ವಲ್ಪ ಕಡಿಮೆ, ಟಿಬಿ ಅನುಮಾನ ಪೂರ್ತಿ ಹೋಗದಿದ್ರೂ ರಿಫಾಂಪಿಸಿನ್ ಮುಟ್ಟೋ ಗೋಜಿಲ್ಲ. ತೊಂದರೆ ಅಂದ್ರೆ ದಿನಾ ಚುಚ್ಚಿಸ್ಕೊಳ್ಳೋಕೆ ಓಡಾಡ್ಬೇಕು, ಕಿಡ್ನಿ, ಕಿವಿಗೆ ಪೆಟ್ಟು ಬೀಳೋ ಅಪಾಯ ಇದೆ, ಕಿವಿಯಲ್ಲಿ ಗುಂಯ್ ಅಂದ್ರೆ, ನಡೆಯೋವಾಗ ಓಲಾಡಿದ ಹಾಗಾದ್ರೆ ಅವತ್ತೇ ನಿಲ್ಲಿಸಿ ಬರಬೇಕು. ಕಿಡ್ನಿ ಚೆನ್ನಾಗಿದ್ದು, ಹತ್ತಿರದಲ್ಲೇ ಇಂಜೆಕ್ಷನ್ ಕೊಡೋ ವ್ಯವಸ್ಥೆ ಇದ್ರೆ ನಾನು ಎರಡನೇದನ್ನೇ ಆರಿಸ್ತೀನಿ, ನಿಮ್ಮ ಡಾಕ್ಟ್ರು ಅವರನ್ನ ಕಣ್ಣಾರೆ ನೋಡಿರೋರು, ಅವರ ಮಾತೇ ಕೊನೆ.

ಡಾಕ್ಸಿಸೈಕ್ಲಿನ್ ಊಟ ಆದ್ಮೇಲೆ ದೊಡ್ಡ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲ ಅಂದ್ರೆ ಅನ್ನನಾಳ ಸುಟ್ಟ ಹಾಗಾಗತ್ತೆ, ಗ್ಯಾಸ್ಟ್ರಿಕ್ ಸಿರಪ್, ಕಬ್ಬಿಣದ ಮಾತ್ರೆ ಅದರ ಜೊತೆಗೇ ಬೇಡ. ಬಿಸಿಲಲ್ಲಿ ಚರ್ಮ ಬೇಗ ಸುಡತ್ತೆ, ಗದ್ದೆಗೆ ಹೋಗೋರು ತುಂಬು ತೋಳಿನ ಶರ್ಟ್ ಹಾಕ್ಲಿ. ಕೋರ್ಸ್ ಮುಗಿದ ಮೇಲೂ ಆ 1:640 ಸಂಖ್ಯೆ, ಅಂದ್ರೆ ರೋಗಾಣು ವಿರುದ್ಧ ರಕ್ತದಲ್ಲಿ ತಯಾರಾದ ಪ್ರತಿಕಾಯಗಳ ಅಳತೆ, ಸೊನ್ನೆಗೆ ಬರಲ್ಲ, ತಿಂಗಳುಗಟ್ಟಲೆ ಇರತ್ತೆ, ಕೆಲವರಲ್ಲಿ ವರ್ಷದ ಮೇಲೂ. ಜ್ವರ, ಬೆವರು ಇಲ್ಲ, ತೂಕ ಏರ್ತಿದೆ ಅಂದ್ರೆ ಆ ಸಂಖ್ಯೆ ನೋಡ್ಕೊಂಡು ಮತ್ತೆ ಮಾತ್ರೆ ನುಂಗಬೇಡಿ. ಸುಸ್ತು ಒಂದೆರಡು ತಿಂಗಳು ಇರಬಹುದು. ವೃಷಣ ಊದಿ ನೋವು ಬಂದ್ರೆ ನಾಚಿಕೆ ಪಡದೆ ಹೇಳೋಕೆ ಹೇಳಿ, ಅದೂ ಇದೇ ಕಾಯಿಲೇದು.

ಒಟ್ಟಿಗೆ ಊಟ ಮಾಡಿದ್ರೆ, ಮಕ್ಕಳನ್ನ ಎತ್ತಿಕೊಂಡ್ರೆ ಇದು ಬರಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡೋದು ತೀರಾ ಅಪರೂಪ. ಬರೋದು ಕೊಟ್ಟಿಗೆಯಿಂದ. ಹಾಲು ಉಕ್ಕೋ ಹಾಗೆ ಕಾಯಿಸಿದ್ರೆ ಬ್ರುಸೆಲ್ಲಾ ಸಾಯತ್ತೆ, ಕಾಯಿಸಿದ ಹಾಲಿನ ಮೊಸರು, ಬೆಣ್ಣೆ, ಬೇಯಿಸಿದ ಗಿಣ್ಣು ಎಲ್ಲಾ ತಿನ್ನಬಹುದು. ಕರೆದ ಬಿಸಿಗೇ ನೊರೆಹಾಲು ಕುಡಿದ್ರೆ ಶಕ್ತಿ ಅಂತ ಮಕ್ಕಳಿಗೆ ಕೊಡೋ ರೂಢಿ ಇದ್ರೆ ಇವತ್ತಿಂದ ಬೇಡ. ಕಂದು ಹಾಕಿದ ಆ ಹಸುವನ್ನ ಬೇರೆ ಕಟ್ಟಿ ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ, ಉಳಿದ ಐದರದ್ದೂ ಸಹ. ಹಸುವಿಗೆ ಇದನ್ನ ವಾಸಿ ಮಾಡೋ ಔಷಧಿ ಇಲ್ಲ, ಮುಂದಿನ ಸಲ ಕರು ಸರಿಯಾಗೇ ಹಾಕಿದ್ರೂ ಅದರ ಮಾಸಲ್ಲಿ, ಹಾಲಲ್ಲಿ ರೋಗಾಣು ಬರ್ತಾ ಇರಬಹುದು, ದಯವಿಟ್ಟು ಸಂತೇಲಿ ಇನ್ನೊಬ್ಬರ ತಲೆಗೆ ಕಟ್ಟಬೇಡಿ. ಕಂದು, ಮಾಸು ನಾಯಿ ಎಳೀದ ಹಾಗೆ ಆಳವಾದ ಗುಂಡಿಗೆ ಸುಣ್ಣ ಹಾಕಿ ಮುಚ್ಚಿ, ಕೈಗೆ ಉದ್ದನೆ ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಸಲ ಹಾಕೋ ಕಂದುರೋಗದ ಲಸಿಕೆ ಇದೆ, 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಪಶು ಇಲಾಖೆಯೋರು ಹಾಕ್ತಾರೆ, ಕೇಳಿ. ಅದು ಜೀವಂತ ಲಸಿಕೆ, ಸೂಜಿ ಮನುಷ್ಯರಿಗೆ ಚುಚ್ಚಿದ್ರೆ ಸೋಂಕು ಆಗತ್ತೆ, ಕರು ಹಿಡ್ಕೊಳ್ಳೋರು ಹುಷಾರು.

ಕೊನೆಗೆ ನಿಮ್ಮ ವಾರಗಿತ್ತಿ. ಈ ಪತ್ರಕ್ಕೆ ಬೇಗ ಉತ್ತರ ಬರೆಯೋಣ ಅನ್ಸಿದ್ದೇ ಅವಳಿಂದ. ಬಸುರಿಯಲ್ಲಿ ಬ್ರುಸೆಲ್ಲಾ ಬಂದ್ರೆ ಗರ್ಭಪಾತ ಆಗೋ ಅಪಾಯ ನಿಜ, ಬೇಗ ಗೊತ್ತಾಗಿ ಔಷಧಿ ಶುರುವಾದ್ರೆ ಆ ಅಪಾಯ ಇಳಿಯತ್ತೆ. ಜ್ವರ ಇರಲಿ ಬಿಡಲಿ ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ, ಹೆರಿಗೆ ಡಾಕ್ಟರಿಗೆ ಮನೇಲಿ ಹೀಗಾಗಿದೆ ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಯಜಮಾನ್ರಿಗೆ ಕೊಟ್ಟಿದ್ದೇ ಮಾತ್ರೆ ತಾನೇ ಅಂತ ಡಬ್ಬಿಯಿಂದ ತೆಗೆದು ಕೊಡಬೇಡಿ, ಡಾಕ್ಸಿಸೈಕ್ಲಿನ್ ಬಸುರಿಯರಿಗೆ ಕೊಡೋದಲ್ಲ, ಅವಳಿಗೆ ಬೇಕಾದ್ರೆ ಬೇರೆ ಔಷಧಿ ಇದೆ. ಹೆರಿಗೆ ಆಗೋ ತನಕ ಅವಳು ಕೊಟ್ಟಿಗೆ ಕಡೆ ಹೋಗೋದು ಬೇಡ, ಹಾಲು ಕರೆಯೋದನ್ನ ಮನೇಲಿ ಬೇರೆ ಯಾರಾದ್ರೂ ಗ್ಲೌಸ್ ಹಾಕ್ಕೊಂಡು ಮಾಡ್ಲಿ. ಅವಳ ರಿಪೋರ್ಟೂ ಯಜಮಾನ್ರ ಎಂಆರ್‌ಐನೂ ಬಂದ ಮೇಲೆ ಮತ್ತೆ ಬರೀರಿ, ಕಾಯ್ತಾ ಇರ್ತೀನಿ.